ಮೆಶ್ ಹಾಕಿದ ಮೇಲೂ ಮಹಡಿ ಕೋಣೆಯಲ್ಲಿ 5 ಎಂಬಿಪಿಎಸ್, ದಯವಿಟ್ಟು ದಾರಿ ತೋರಿಸಿ

ಮಹಡಿಮನೆ:
ಮೂರು ದಿನದಿಂದ ಒದ್ದಾಡ್ತಿದ್ದೇನೆ. ಮನೆಯೆಲ್ಲ ಒಂದೇ ವೈಫೈ ಸಿಗಲಿ ಅಂತ ಮೂರು ಮೆಶ್ ಯೂನಿಟ್ ತಂದು ಹಾಕಿದೆ. ಕೆಳಗಡೆ 100 ಬರುತ್ತೆ, ಮಹಡಿ ಕೋಣೆಯಲ್ಲಿ ಫೋನ್ ಹಿಡಿದರೆ 4, 5. ಆಪ್‌ನಲ್ಲಿ ಮೂರೂ ಹಸಿರು. ಎರಡು ಸಲ ರೀಸೆಟ್ ಮಾಡಿದ್ದೂ ಆಯ್ತು. ಮಗಳ ಆನ್‌ಲೈನ್ ಕ್ಲಾಸ್ ನಡುವಲ್ಲೇ ನಿಂತುಹೋಗುತ್ತೆ. ಎಲ್ಲಿ ತಪ್ಪಿದೆ?

ಡಿಬಿಎಂಲೆಕ್ಕ:
ಹಸಿರು ದೀಪ ನಂಬಬೇಡಿ. ಬ್ಯಾಕ್‌ಹಾಲ್ (ಯೂನಿಟ್‌ಗಳ ನಡುವಿನ ಲಿಂಕ್) ಸಿಗ್ನಲ್ ಎಷ್ಟು ಡಿಬಿಎಂ ಇದೆ? ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ. –65 ಸುತ್ತಮುತ್ತ ಇದ್ದರೆ ಸರಿ, –80 ಆಗಿದ್ದರೆ ಯೂನಿಟ್ ಇಟ್ಟ ಜಾಗ ತಪ್ಪು. ಸಿಗ್ನಲ್ ಸಿಗದ ಕೋಣೆಯೊಳಗೇ ಯೂನಿಟ್ ಇಡ್ತಾರೆ ತುಂಬ ಜನ. ಅದಕ್ಕೇ ಸಿಗದಿದ್ದರೆ ಮುಂದಕ್ಕೆ ಏನು ಕೊಟ್ಟೀತು? ಅರ್ಧ ದಾರಿಯಲ್ಲಿಡಿ.

ಮಹಡಿಮನೆ:
–61. ಮೆಟ್ಟಿಲ ತಿರುವಿನಲ್ಲೇ ಇದೆ.

ಚಾನೆಲ್36:
ಹಾಗಾದರೆ ಡಿಎಫ್ಎಸ್ಸೇ (ರೇಡಾರ್‌ಗೆ ದಾರಿ ಬಿಡುವ ನಿಯಮ), ಅನುಮಾನ ಬೇಡ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕ ಕೂಡಲೇ ರೌಟರ್ ಜಾಗ ಖಾಲಿ ಮಾಡಬೇಕು. 36ಕ್ಕೆ ಕಟ್ಟಿಹಾಕಿ.

ಮಹಡಿಮನೆ:
ಹಾಕಿದೆ. ಅದೇ 5.

ಚಾನೆಲ್36:
44 ನೋಡಿ.

ಡಿಬಿಎಂಲೆಕ್ಕ:
80 ಮೆಗಾಹರ್ಟ್ಸ್ ಅಗಲದಲ್ಲಿ 36, 44 ಎರಡೂ ಒಂದೇ ಬ್ಲಾಕ್. ಬದಲಾಯಿಸಿ ಏನು ಬಂತು?

ಚಾನೆಲ್36:
ನಮ್ಮನೇಲಿ ಇದರಿಂದಲೇ ಸರಿಹೋಗಿದ್ದು, ಅದಕ್ಕೆ ಹೇಳಿದೆ.

ತಂತಿಪ್ರಿಯ:
ಒಂದೇ ರೇಡಿಯೋ ಕೇಳಿಸಿಕೊಳ್ಳಲೂಬೇಕು, ಹೇಳಲೂಬೇಕು ಅಂದರೆ ಹಾಪ್‌ಗೊಂದು ಸಲ, ಅಂದರೆ ಯೂನಿಟ್‌ನಿಂದ ಯೂನಿಟ್‌ಗೆ ದಾಟಿದಾಗೆಲ್ಲ, ವೇಗ ಹೆಚ್ಚುಕಮ್ಮಿ ಅರ್ಧ. ನಾನು ಮನೆ ಕಟ್ಟುವಾಗಲೇ ಪ್ರತಿ ಕೋಣೆಗೂ ಎರಡೆರಡು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿದ್ದೆ. 24 ಪೋರ್ಟ್ ಸ್ವಿಚ್, ಗೋಡೆಗೆ ರ‍್ಯಾಕ್, ಕೇಬಲ್‌ಗೆಲ್ಲ ನಂಬರ್. ಇವತ್ತಿಗೂ ಒಂದು ದೂರಿಲ್ಲ.

ಡಿಬಿಎಂಲೆಕ್ಕ:
ಅರ್ಧವಾಗೋದು ರೇಡಿಯೋ ವೇಗ, ಪ್ಲಾನ್ ಅಲ್ಲ. ಲಿಂಕ್ 400 ಇದ್ದರೆ ಅರ್ಧವಾದರೂ 100 ದಾಟುತ್ತೆ. 5 ಬರೋದಕ್ಕೆ ಇದು ಕಾರಣವಲ್ಲ.

ಈಗಷ್ಟೇಬಂದೆ:
ಫೋನ್ ಯಾವ ಯೂನಿಟ್ ಹಿಡಿದಿದೆ ಅಂತ ನೋಡಿದ್ರಾ? ಬಿಎಸ್ಎಸ್ಐಡಿ (ಫೋನ್ ಹಿಡಿದಿರುವ ವೈಫೈ ರೇಡಿಯೋದ ವಿಳಾಸ) ಎಷ್ಟು?

ಮಹಡಿಮನೆ:
ವೈಫೈ ಅನಲೈಸರ್ ಹಾಕಿದೆ. ಮಹಡಿಯಲ್ಲಿ ನಿಂತರೆ 2.4 ಗಿಗಾಹರ್ಟ್ಸ್, –82. ಆ ವಿಳಾಸ ನನ್ನ ಮೂರು ಯೂನಿಟ್‌ನದೂ ಅಲ್ಲ. ಹಳೇ ರೌಟರ್‌ದು! ಇಂಟರ್ನೆಟ್ ಅದರಿಂದಲೇ ಮೆಶ್‌ಗೆ ಹೋಗ್ತಿದೆ, ಅದರ ವೈಫೈ ಇನ್ನೂ ಆನ್ ಇದೆ. ಎಲ್ಲರ ಫೋನಲ್ಲೂ ಮತ್ತೆ ಪಾಸ್‌ವರ್ಡ್ ಹಾಕೋದು ಬೇಡ ಅಂತ ಮೆಶ್‌ಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಿದ್ದೆ.

ಡಿಬಿಎಂಲೆಕ್ಕ:
ಇದು ಮೊದಲ ಸಾಲಲ್ಲೇ ಬರಬೇಕಿತ್ತು ಸರ್. ಯಾವುದಕ್ಕೆ ಅಂಟಿಕೊಳ್ಳಬೇಕು ಅಂತ ತೀರ್ಮಾನಿಸೋದು ಫೋನೇ. ಮೆಶ್ ಯೂನಿಟ್‌ಗಳು 802.11ವಿ ಅನ್ನೋ ವೈಫೈ ಮಾನದಂಡದ ಮೂಲಕ ‘ಆ ಕಡೆ ಹೋಗು’ ಅಂತ ಸೂಚಿಸಬಲ್ಲವು. ಹಳೇ ರೌಟರ್ ಆ ಗುಂಪಲ್ಲೇ ಇಲ್ಲ. ಹೆಸರು ಒಂದೇ ಆದ್ದರಿಂದ ಫೋನ್ ಅದನ್ನೇ ಹಿಡಿದು ಕೂತಿದೆ. ಅದರ ವೈಫೈ ಆಫ್ ಮಾಡಿ.

ಮಹಡಿಮನೆ:
88! ಅದೇ ಕೋಣೆ, ಅದೇ ಫೋನ್. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆದರೆ ಈಗ ಪ್ರಿಂಟರ್ ಕಾಣ್ತಿಲ್ಲ. ಅದು ಹಳೇ ರೌಟರ್‌ಗೆ ಕೇಬಲ್‌ನಲ್ಲಿದೆ, 192.168.1.20. ಫೋನ್‌ಗೆ 192.168.68ರ ಐಪಿ ಬಂದಿದೆ.

ಡಿಬಿಎಂಲೆಕ್ಕ:
ಹಳೇ ರೌಟರ್, ಮೆಶ್ ಎರಡೂ ಕಡೆ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಕೆಲಸ) ಓಡ್ತಿದೆ, ಅದಕ್ಕೇ ಎರಡು ಬೇರೆ ನೆಟ್‌ವರ್ಕ್ ಆಗಿವೆ. ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಐಪಿ ಹಂಚೋದು ಹಳೇ ರೌಟರ್ ಮಾತ್ರ.

ಚಾನೆಲ್36:
ಬೇಡ, ಹಳೇದನ್ನು ಬ್ರಿಡ್ಜ್ ಮಾಡಿ, ಆಗ ಐಪಿ ಹಂಚೋದು ಮೆಶ್ ಮಾತ್ರ. ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹೋದರೆ ಕೆಲವು ಮೆಶ್‌ಗಳಲ್ಲಿ ಮಕ್ಕಳ ಸಮಯಮಿತಿಯಂಥ ಸೌಲಭ್ಯ ಹೋಗುತ್ತೆ.

ತಂತಿಪ್ರಿಯ:
ಪ್ರಿಂಟರ್ ಕೇಬಲ್ ಕಿತ್ತು ಮೆಶ್ ಮುಖ್ಯ ಯೂನಿಟ್‌ನ ಲ್ಯಾನ್ ಪೋರ್ಟ್‌ಗೆ ಹಾಕಿ, ಸಾಕು.

ಮಹಡಿಮನೆ:
ಕೇಬಲ್ ಬದಲಿಸಿದೆ, ಪ್ರಿಂಟ್ ಬಂತು. ಮೋಡ್ ಯಾವುದಕ್ಕೆ ಹಾಕಬೇಕೋ ಭಾನುವಾರ ನೋಡ್ತೀನಿ. ನಾಳೆ ಕ್ಲಾಸ್ ಇದೆ, ಅಲ್ಲೀತನಕ ಏನನ್ನೂ ಮುಟ್ಟಲ್ಲ.