ಕೋವಿಡ್ ನಂತರ ಒಂದೇ ಕಡೆ ಕೆನ್ನೆನೋವು: ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ (ಮುಧೋಳದಿಂದ): ನಮ್ಮ ತಂದೆಯವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ ಇದೆ. ಕೋವಿಡ್ ನ್ಯುಮೋನಿಯಾಕ್ಕೆ ಆಸ್ಪತ್ರೆಯಲ್ಲಿ ಸ್ಟಿರಾಯ್ಡ್ ಪಡೆದು ಈಚೆಗೆ ಮನೆಗೆ ಬಂದಿದ್ದಾರೆ. ಈಗ ಎಡಗೆನ್ನೆ ನೋಯುತ್ತಿದ್ದು, ಅದೇ ಕಡೆಯ ಮೂಗು ಕಟ್ಟಿದೆ. ನೆಗಡಿಯೆಂದು ಹಬೆ ಕೊಡುತ್ತಿದ್ದೇವೆ. ಕೆಲವು ದಿನ ಕಾದು ನೋಡಬಹುದೇ?

ಉತ್ತರ (ಬೆಳಗಾವಿಯಿಂದ): ದಯವಿಟ್ಟು ಕಾಯಬೇಡಿ, ಇಂದೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದು, ಸ್ಟಿರಾಯ್ಡ್ ಪಡೆದವರಿಗೆ ಒಂದೇ ಬದಿಯಲ್ಲಿ ಹೀಗೆ ಕಾಣಿಸಿಕೊಂಡರೆ, ಜನ ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ಎಂಬ ಶಿಲೀಂಧ್ರ ಸೋಂಕು ಅಲ್ಲವೆಂದು ಖಚಿತವಾಗುವವರೆಗೆ ಸುಮ್ಮನಿರುವಂತಿಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮ ಕಾಕಾ ಅವರಿಗೆ ಅದು ಮೊದಲು ಗೊತ್ತಾದದ್ದು ಹಲ್ಲಿನಿಂದ. ರೊಟ್ಟಿ ಅಗಿಯುವಾಗ ಮೇಲಿನ ದವಡೆಹಲ್ಲು ಅಲುಗಾಡಿತು. ದಂತವೈದ್ಯರು ಬಾಯಿಗೆ ಬ್ಯಾಟರಿ ಹಿಡಿದು ನೋಡಿದಾಗ ಅಂಗುಳಿನ ಒಂದು ಬದಿ ಮಸಿ ಹಚ್ಚಿದಂತೆ ಕಪ್ಪಾಗಿತ್ತು. ಅವರು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದ್ದರಿಂದ ಸೋಂಕು ಕಣ್ಣಿಗೆ ಹರಡದೆ ಕಣ್ಣು ಉಳಿಯಿತು. ಮೂಗಿಗೆ ಎಂಡೋಸ್ಕೋಪಿ ಮಾಡಿ, ಒಳಗಿನ ತುಣುಕನ್ನು ಪರೀಕ್ಷೆಗೆ ಕಳುಹಿಸಿ, ಎಂಆರ್‌ಐ ತೆಗೆಸಿದರು. ಈ ಶಿಲೀಂಧ್ರ ರಕ್ತನಾಳಗಳೊಳಗೆ ನುಗ್ಗಿ ರಕ್ತದ ಹರಿವನ್ನೇ ತಡೆಯುವುದರಿಂದ ಆ ಭಾಗ ಸತ್ತು ಕಪ್ಪಾಗುತ್ತದೆ, ಅಲ್ಲಿಗೆ ಔಷಧವೂ ಸರಿಯಾಗಿ ತಲುಪುವುದಿಲ್ಲ; ಆದ್ದರಿಂದಲೇ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆಯಬೇಕಾಗುತ್ತದೆ. ಜೊತೆಗೆ ಶಿಲೀಂಧ್ರವನ್ನು ಕೊಲ್ಲುವ ಆಂಫೊಟೆರಿಸಿನ್-ಬಿ ಇಂಜೆಕ್ಷನ್ ಕೊಟ್ಟರು. ಅದು ಮೂತ್ರಪಿಂಡಕ್ಕೆ ಭಾರವಾಗುವ ಔಷಧ. ಕ್ರಿಯಾಟಿನಿನ್, ಪೊಟ್ಯಾಷಿಯಂ ಪರೀಕ್ಷೆಗೆಂದು ಪದೇ ಪದೇ ರಕ್ತ ತೆಗೆಯುತ್ತಿದ್ದರು. ಮುಂದೆ ಬಹಳ ದಿನ ಶಿಲೀಂಧ್ರಕ್ಕೇ ಕೊಡುವ ಪೊಸಕೊನಜೋಲ್ ಮಾತ್ರೆ ನಡೆಯಿತು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ, ತಂದೆಯವರನ್ನು ದೂರ ಇಡಬೇಕಿಲ್ಲ.

ಉತ್ತರ (ವಿಜಯಪುರದಿಂದ, ನಾನು ಶುಶ್ರೂಷಕಿ): ಮೇಲಿನವರು ಹೇಳಿದ್ದನ್ನು ನಾನೂ ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಸರಿಯಿದೆ ಎಂದು ನಿಶ್ಚಿಂತರಾಗಬೇಡಿ. ಬೆಳಿಗ್ಗೆ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚಾಗಿ ಏರುವುದು ಮಧ್ಯಾಹ್ನದ ಊಟದ ನಂತರ ಮತ್ತು ಸಂಜೆ, ಆಗಲೂ ಪರೀಕ್ಷಿಸಿ. ಸ್ಟಿರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಬಾಯಲ್ಲಿ ಬಿಳಿ ಪದರ ಕಟ್ಟಿದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಬೇರೆ ಶಿಲೀಂಧ್ರ, ಅದರ ಚಿಕಿತ್ಸೆ ಸುಲಭ. ಆದರೆ ಅದಕ್ಕೆ ಕೊಡುವ ಫ್ಲುಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ, ಆದ್ದರಿಂದ ಔಷಧದಂಗಡಿಯಲ್ಲಿ ಕೇಳಿ ಮಾತ್ರೆ ತಂದುಕೊಂಡು ದಿನ ಕಳೆಯಬೇಡಿ. ಕಣ್ಣು ಊದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ ಬಂದರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹೋಗುವಾಗ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಯಾವ ಸ್ಟಿರಾಯ್ಡ್, ಎಷ್ಟು ದಿನ ಕೊಟ್ಟಿದ್ದರು ಎಂಬುದನ್ನೇ ವೈದ್ಯರು ಮೊದಲು ಕೇಳುತ್ತಾರೆ.