ಅಪ್‌ಡೇಟ್: ಖಾಲಿ ಬರುತ್ತಿದ್ದ ಪಿನ್‌ಹೋಲ್ ನೆಗೆಟಿವ್‌ನಲ್ಲಿ ಕೊನೆಗೂ ತುಂಗೆ ಬಂದಳು

ಲೆನ್ಸ್ ಬದಲು ಸಣ್ಣ ತೂತಿರುವ ಮರದ ಡಬ್ಬಿ ಕ್ಯಾಮೆರಾದಲ್ಲಿ (ಪಿನ್‌ಹೋಲ್) 4×5 ಇಂಚಿನ ಫಿಲ್ಮ್ ಹಾಕಿ ತೆಗೆದರೆ ನೆಗೆಟಿವ್‌ನಲ್ಲಿ ಚಿತ್ರ ಯಾಕೆ ಮೂಡಿಯೂ ಮೂಡದ ಹಾಗೆ, ಹೆಚ್ಚುಕಮ್ಮಿ ಖಾಲಿಯಾಗಿ ಬರುತ್ತಿದೆ ಎಂದು ಕೇಳಿದ್ದೆ. ಫಿಲ್ಮ್‌ಗೆ ಬೆಳಕು ಸಾಲುತ್ತಿಲ್ಲ ಎಂದು ನೀವು ಹೇಳಿದ್ದೇ ಸರಿ. ತೂತು ಅರ್ಧ ಮಿ.ಮೀ., ಅಲ್ಲಿಂದ ಫಿಲ್ಮ್‌ಗೆ 150 ಮಿ.ಮೀ., ದೂರವನ್ನು ತೂತಿನ ಅಗಲದಿಂದ ಭಾಗಿಸಿದರೆ ಎಫ್/300. ಅದನ್ನು ಸರಿಯಾಗಿಯೇ ಲೆಕ್ಕ ಹಾಕಿದ್ದೆ. ಆದರೆ ಬೆಳಕು ಬಿಡುವ ಹೊತ್ತು ಜಾಸ್ತಿಯಾದಷ್ಟೂ ಬೆಳಕು ಹಿಡಿಯುವ ಫಿಲ್ಮ್‌ನ ಶಕ್ತಿ ಕಡಿಮೆಯಾಗುತ್ತದೆ ಅನ್ನುವುದನ್ನೇ ಮರೆತಿದ್ದೆ. ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಫಿಲ್ಮ್‌ಗೆ, ಬೆಳಕು ಅಳೆಯುವ ಮೀಟರ್ ಲೆಕ್ಕದಲ್ಲಿ 23 ಸೆಕೆಂಡ್ ಬಂದರೆ ಕೊಡಬೇಕಾದ್ದು ಸುಮಾರು 52!

ಮೊನ್ನೆ ತೀರ್ಥಹಳ್ಳಿಯ ತುಂಗಾ ಹೊಳೆ ದಂಡೆಗೆ ಹೋಗಿ ಹಾಗೇ ಮಾಡಿದೆ. ಬಂಡೆಗಳು ಗಟ್ಟಿಯಾಗಿ ಬಂದಿವೆ, ನೀರು ಮಾತ್ರ ಹಾಲಿನ ಕೆನೆಯ ಹಾಗೆ. ಬಟ್ಟೆ ಒಗೆಯುತ್ತಿದ್ದವರು ಬರೀ ಮಸುಕು ನೆರಳು. ಆಮೇಲೆ ಸುಮ್ನೆ ಇನ್ನೊಂದು ತಗಡಿಗೆ ಎರಡು ತೂತು ಹಾಕಿ ನೋಡಿದೆ. ಒಂದೇ ಅಡಿಕೆ ಮರ ಎರಡಾಗಿ, ಒಂದರ ಮೇಲೊಂದು ಬಿದ್ದಿದೆ. ನನಗೆ ಇದೇ ಜಾಸ್ತಿ ಇಷ್ಟವಾಯಿತು. ಅಮ್ಮ ನೋಡಿ, "ಕಣ್ಣು ತೋರಿಸ್ಕೊಂಡು ಬಾ" ಅಂದರು.

ಒಂದು ಮೂಲೆಯಲ್ಲಿ ಬೆಳಕು ಸೋರಿ ಕಪ್ಪು ಗೀಟು ಬಿದ್ದಿದೆ. ಮಳೆಗಾಲದ ಥಂಡಿಗೆ ಹಲಗೆ ಉಬ್ಬಿತ್ತು, ಈಗ ಬಿರುಕು ಬಿಟ್ಟಿದೆ. ಕಪ್ಪು ಟೇಪ್ ಸುತ್ತಿದ್ದೇನೆ. ಮುಂದಿನ ವಾರ ಕವಲೇದುರ್ಗ ಕೋಟೆ.