ರಜೆಗೆ ಬಂದ ಮಿಲ್ಟ್ರಿ ತಮ್ಮಗ ರಾತ್ರಿ ನಿದ್ದಿ ಇಲ್ಲ, ಕುಡಿತ ನಾಳಿಂದ ಬಂದ್ ಮಾಡಿಸಬೇಕಾ?

ಹನುಮಸಾಗರ ಹೊಲ:
ತಮ್ಮ ಗಡಿ ಡ್ಯೂಟಿ ಮುಗಿಸಿ ಎರಡು ತಿಂಗಳ ರಜೆ ಮ್ಯಾಲೆ ಬಂದು ಇಪ್ಪತ್ತು ದಿನ ಆತು. ರಾತ್ರಿ ಎರಡಕ್ಕ ಎದ್ದು ಮಾಳಿಗಿ ಮ್ಯಾಲೆ ಕೂಡ್ತಾನ. ಕ್ವಾರಿಯಾಗ ಬ್ಲಾಸ್ಟ್ ಆದ್ರ ಉಣ್ಣೋ ತಾಟು ಬಿಟ್ಟು ಗ್ವಾಡಿಗೆ ಆತುಕೊಳ್ತಾನ. ದಿನಾ ಸಂಜಿಗೆ ಎರಡು ಕ್ವಾರ್ಟರ್ ರಮ್, ಈಗೀಗ ಮುಂಜಾನೆ ಕೈ ನಡುಗ್ತಾವು. ಹಿರೇರು ದೇವ್ರ ಕೇಳ್ಸೋಣು ಅಂತಾರ. ದವಾಖಾನಿಗೆ ಹೋದ್ರ ನೌಕರಿ ಹೋಗ್ತೈತಿ ಅಂತ ಅವನ ಅಂಜಿಕಿ. ನಾಳಿಂದ ಕುಡಿಯೋದು ಪೂರ್ತಿ ಬಂದ್ ಮಾಡಿಸಿ, ಮೆಡಿಕಲ್ ಶಾಪಿನಾಗ ನಿದ್ದಿ ಗುಳಿಗಿ ತಂದು ಕೊಡೋಣಂತ ಮಾಡೀವಿ. ತಿಳಿದವರು ಹೇಳ್ರಿ.

ಮಾಜಿ ನರ್ಸಿಂಗ್ ಅಸಿಸ್ಟೆಂಟ್:
ಅಣ್ಣಾರೆ, ಎರಡೂ ಮಾಡಬೇಡಿ.

ಮುಂಜಾನೆ ಕೈ ನಡುಗೋದು ಅಂದರೆ ಮೈ ಮದ್ಯಕ್ಕೆ ಒಗ್ಗಿದೆ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ರಮ್ಮಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. ದಿನಕ್ಕೆ ಅದರ ಎರಡರಷ್ಟು ಕುಡಿಯುವವನು ಏಕಾಏಕಿ ನಿಲ್ಲಿಸಿದರೆ 6ರಿಂದ 24 ತಾಸಿನೊಳಗೆ ನಡುಕ, ಬೆವರು, ವಾಂತಿ ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ ಮನುಷ್ಯರು ಕಾಣೋದು, ಮನೆಯವರ ಗುರುತು ತಪ್ಪೋದು ಆದರೆ ಅದು ಜೀವಕ್ಕೇ ಕುತ್ತು. ಎಷ್ಟೋ ಮನೆಯಲ್ಲಿ ಇದನ್ನೇ "ಗಾಳಿ ಹಿಡೀತು" ಅಂತ ತಿಳಿದು ಅಮೂಲ್ಯ ಹೊತ್ತು ಕಳೀತಾರೆ.

ಆದ್ದರಿಂದ ಅವನು ಇವತ್ತು ಕುಡಿಯುವಷ್ಟೇ ಕುಡಿಯಲಿ, ನಾಳೆ ಮುಂಜಾನೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರ್ ಮುಂದೆ "ಸ್ವಲ್ಪ ತಗೊಳ್ತಾನೆ" ಅನ್ನಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ವರ್ಷದಿಂದ, ಕೊನೆಯದು ಎಷ್ಟು ಗಂಟೆಗೆ, ಮೊದಲು ಎಂದಾದರೂ ಫಿಟ್ಸ್ ಬಂದಿತ್ತಾ, ಈ ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಮಾನ್ಯವಾಗಿ ಐದರಿಂದ ಏಳು ದಿನ ಗುಳಿಗೆ ಕೊಟ್ಟು, ಪ್ರಮಾಣ ದಿನಾ ಇಳಿಸುತ್ತ ಬಿಡಿಸುತ್ತಾರೆ. ನಮ್ಮ ಕಡೆ ಸುಸ್ತು ಅಂದ ಕೂಡಲೇ ಒಂದು ಸಲೈನ್ ಏರಿಸಿಬಿಡೋ ರೂಢಿ ಇದೆ. ಕುಡುಕನಿಗೆ ಬರೀ ಗ್ಲೂಕೋಸ್ ಏರಿಸಿ ಕಳಿಸೋದು ತಪ್ಪು. ಥಯಮಿನ್, ಅಂದರೆ ಬಿ-1 ಇಂಜೆಕ್ಷನ್ ಮೊದಲು ಬೀಳಬೇಕು. ಇಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳುವ ಅಪಾಯ ಇದೆ. "ಥಯಮಿನ್ ಕೊಟ್ರೇನ್ರಿ?" ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ.

ನಿದ್ದೆ ಗುಳಿಗೆ ಮಾತು. ರಮ್ ಮೇಲೆ ಅಲ್ಪ್ರಜೋಲಾಮ್‌ನಂಥದ್ದು ಬಿದ್ದರೆ ಉಸಿರೇ ನಿಧಾನವಾಗಿ ನಿಂತುಹೋಗಬಹುದು. ರಾತ್ರಿ ಎರಡಕ್ಕೆ ಎಚ್ಚರ ಆಗೋದಕ್ಕೂ ಅರ್ಧ ಕಾರಣ ಆ ರಮ್ಮೇ. ಮದ್ಯ ಬೇಗ ಮಲಗಿಸುತ್ತೆ, ಅದರ ಅಮಲು ಇಳಿದಾಗ ನಡುರಾತ್ರಿ ಎಬ್ಬಿಸುತ್ತೆ. ಇನ್ನರ್ಧ ಕಾರಣ ಡ್ಯೂಟಿ. ಎರಡು ತಾಸು ಸಂತ್ರಿ, ನಾಲ್ಕು ತಾಸು ಬಿಡುವು ಅಂತ ತಿಂಗಳುಗಟ್ಟಲೆ ಬದುಕಿದ ಮೈ ಊರಿಗೆ ಬಂದ ಕೂಡಲೇ ಎಂಟು ತಾಸು ಮಲಗೋದಿಲ್ಲ.

ಆಪ್ತಸಮಾಲೋಚಕಿ, ಕೊಪ್ಪಳ:
ಮೇಲಿನವರು ಹೇಳಿದ್ದು ಸರಿ, ಕುಡಿತವೇ ಮೊದಲು. ನಾನು ಉಳಿದದ್ದು ಹೇಳ್ತೀನಿ.

ಗಡಿಯಿಂದ ಬಂದವರು ಮೊದಲ ಕೆಲವು ವಾರ ಸಿಡುಕೋದು, ಸಂತೆಯ ಗದ್ದಲ ತಡೆಯದಿರೋದು, ಬಾಗಿಲ ಕಡೆ ಮುಖ ಮಾಡಿ ಕೂಡೋದು ಸಹಜ. ಅಲ್ಲಿ ಜೀವ ಉಳಿಸಿದ ಎಚ್ಚರ ಅದು, ನಿಧಾನವಾಗಿ ಇಳಿಯುತ್ತೆ. ಆದರೆ ನಾಲ್ಕು ಗುಂಪಿನ ಲಕ್ಷಣ ಒಟ್ಟಿಗೆ ಒಂದು ತಿಂಗಳು ದಾಟಿ ನಿಂತರೆ ಅದಕ್ಕೆ ಪಿಟಿಎಸ್‌ಡಿ, ಅಂದರೆ ಭಯಾನಕ ಘಟನೆಯ ಆಘಾತದಿಂದ ಉಳಿಯುವ ಮನಸ್ಸಿನ ಬೇನೆ, ಅಂತಾರೆ: ಘಟನೆ ಕಣ್ಣ ಮುಂದೆ, ಕನಸಲ್ಲಿ ಮತ್ತೆ ಮತ್ತೆ ಬರೋದು, ಅದನ್ನು ನೆನಪಿಸುವ ಜಾಗ, ಮಾತು, ಗೆಳೆಯರ ಫೋನು ತಪ್ಪಿಸೋದು, ಮನಸ್ಸು ಮರಗಟ್ಟಿ ಮಕ್ಕಳ ಮೇಲೂ ಅಕ್ಕರೆ ಬರದೆ "ನಂದೇ ತಪ್ಪು" ಅನ್ನೋದು, ಸದಾ ಬೆಚ್ಚಿ ಬೀಳೋದು. ತಿಂಗಳು ಎಣಿಸುವುದು ಊರಿಗೆ ಬಂದ ದಿನದಿಂದ ಅಲ್ಲ. ಅಲ್ಲೇ ಶುರುವಾಗಿತ್ತಾ ಅಂತ ಅವನನ್ನೇ ಮೆಲ್ಲಗೆ ಕೇಳಿ. ಹತ್ತಿರದಲ್ಲಿ ಸ್ಫೋಟ ಆಗಿ ಕಿವಿ ಗುಂಯ್ ಅಂದು ತಲೆ ತಿರುಗಿತ್ತಾ ಅಂತಲೂ ಕೇಳಿ. ತಲೆನೋವು, ಮರೆವು, ಸಿಡುಕು ತಲೆಯ ಒಳಪೆಟ್ಟಿನಿಂದಲೂ ಬರುತ್ತೆ, ಅದು ಡಾಕ್ಟರಿಗೆ ಗೊತ್ತಿರಬೇಕು.

ಚಿಕಿತ್ಸೆ ಅಂದರೆ ಕರೆಂಟ್ ಕೊಡೋದಲ್ಲ. ಸರ್ಟ್ರಲಿನ್‌ನಂಥ ಗುಳಿಗೆ ಕೆಲಸ ತೋರಿಸೋದಕ್ಕೆ ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡುವವರೇ ಜಾಸ್ತಿ, ಅಲ್ಲೇ ಕೆಡೋದು. ಗುಳಿಗೆಗಿಂತಲೂ ಆಳಕ್ಕೆ ಹೋಗೋದು ಮಾತಿನ ಚಿಕಿತ್ಸೆ, ವಾರಕ್ಕೊಮ್ಮೆ, ಸುಮಾರು ಎಂಟರಿಂದ ಹದಿನೈದು ಬಾರಿ. ಮನೆಯಲ್ಲಿ ಯಾರೂ "ಅಲ್ಲೇನಾತು ಹೇಳು" ಅಂತ ಒತ್ತಾಯಿಸಬೇಡಿ. ಆ ಗಂಟು ಬಿಚ್ಚೋದು ಕಲಿತವರ ಕೈಯಲ್ಲೇ ಆಗಬೇಕು.

ಎಲ್ಲಿಗೆ ಹೋಗೋದು? ಕೊಪ್ಪಳ ಜಿಲ್ಲಾಸ್ಪತ್ರೆ, ರಾಯಚೂರು ರಿಮ್ಸ್, ಬಳ್ಳಾರಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ (ಹಿಂದಿನ ವಿಮ್ಸ್) ಮನೋರೋಗ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕಾಸ್ಪತ್ರೆಗೂ ಮಂಗಳವಾರ ತಜ್ಞರು ಬರ್ತಾರೆ, ಯಾವ ಮಂಗಳವಾರ ಅಂತ ಫೋನ್ ಮಾಡಿ ತಿಳಿದುಕೊಂಡೇ ಹೊರಡಿ. ಅಂದಹಾಗೆ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯ್ತು. ಹಾಗಾಗಿ "ಇದೆಲ್ಲ ಬೆಂಗಳೂರಿನವರಿಗೆ" ಅನ್ನೋದು ಬೇಡ. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಸೈನಿಕರಿಗೆ ಅಂತಲೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) 2023ರ ಡಿಸೆಂಬರ್‌ನಲ್ಲಿ ಇದರದೇ ಬೇರೆ ಘಟಕ ತೆರೆದಿದ್ದಾರೆ.

ಹಿರಿಯರು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ಯಲಿ, ಅಮ್ಮನ ಮುಂದೆ ಕೂತರೆ ಎಷ್ಟೋ ಜನರ ಮನಸ್ಸು ತಣಿಯುತ್ತೆ. ಹುಣ್ಣಿಮೆಯ ನೂಕುನುಗ್ಗಲಿನ ದಿನ ಬೇಡ, ಗುಳಿಗೆ ತಪ್ಪಿಸೋದು ಬೇಡ, ಅಷ್ಟೇ.

ಮಾಜಿ ನರ್ಸಿಂಗ್ ಅಸಿಸ್ಟೆಂಟ್:
ನೌಕರಿ ವಿಷಯ ಬಿಟ್ಟುಹೋಗಿತ್ತು. ಸೇನೆಯ ಮೆಡಿಕಲ್ ಕೆಟಗರಿಗೆ, ಅಂದರೆ ಆರೋಗ್ಯ ನೋಡಿ ಕೊಡುವ ದರ್ಜೆಗೆ, 'ಶೇಪ್' ಅಂತಾರೆ, ಅದರ ಮೊದಲ ಅಕ್ಷರ 'ಎಸ್' ಮನಸ್ಸಿಗೆ ಸೇರಿದ್ದು. ಕೆಟಗರಿ ಇಳಿಸಿದರೂ ಮೊದಲು ತಾತ್ಕಾಲಿಕ, ಸಾಮಾನ್ಯವಾಗಿ 24 ವಾರ, ಆಮೇಲೆ ಮತ್ತೆ ಪರೀಕ್ಷೆ. ವಾಸಿಯಾದವರು ಮೇಲಕ್ಕೆ ಬರ್ತಾರೆ. ಆ ಅವಧಿಯಲ್ಲಿ ಪೋಸ್ಟಿಂಗ್, ಪ್ರಮೋಶನ್‌ಗೆ ತೊಡಕಾಗಬಹುದು, ಅದನ್ನು ಮುಚ್ಚಿಡಲಾರೆ. ಆದರೆ ಮುಚ್ಚಿಟ್ಟುಕೊಂಡು, ನಡುಗುವ ಕೈಯಲ್ಲಿ ರೈಫಲ್ ಹಿಡಿದು ಪೋಸ್ಟಿಗೆ ಹೋಗೋದು ಅವನಿಗೂ ಜೊತೆಗಾರರಿಗೂ ಅದಕ್ಕಿಂತ ದೊಡ್ಡ ಅಪಾಯ.

ಸಿವಿಲ್ ಆಸ್ಪತ್ರೆಗೆ ಸೇರಿಸಿದ ದಿನವೇ ಯೂನಿಟ್‌ಗೆ ಫೋನ್ ಮಾಡಿ. ಓಪಿಡಿ ಚೀಟಿ, ಡಿಸ್ಚಾರ್ಜ್ ಕಾರ್ಡ್ ಎಲ್ಲದರ ಜೆರಾಕ್ಸ್ ಇರಲಿ. ಪ್ರಯಾಣ ಮಾಡುವ ಹಂಗಾದ ಮೇಲೆ ಬೆಳಗಾವಿ ಮಿಲಿಟರಿ ಆಸ್ಪತ್ರೆಯಲ್ಲಿ ತೋರಿಸಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ನಿವೃತ್ತರಿಗೆ, ಇವನಿಗೆ ನಡೆಯಲ್ಲ. ಎಲ್ಲಕ್ಕಿಂತ ಮುಖ್ಯ, "ಇನ್ನೆರಡು ದಿನ ಇರಲಿ" ಅಂತ ಕಾಗದವಿಲ್ಲದೆ ರಜೆ ಮೀರಿಸಬೇಡಿ. ಅನುಮತಿ ಇಲ್ಲದೆ 30 ದಿನ ದಾಟಿದರೆ ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯ ವಿಚಾರಣೆ, ಕೂಡುತ್ತೆ. ಆಗ ಬೇನೆ ಹಿಂದೆ ಬಿದ್ದು ಅಪರಾಧ ಮುಂದೆ ಬರುತ್ತೆ.

ಹನುಮಸಾಗರ ಹೊಲ:
ನಿಮಗ ಪುಣ್ಯ ಬರ್ಲಿ. ಮುಂಜಾನೆ ಕೊಪ್ಪಳಕ್ಕ ಹೊಂಟೀವಿ. ರಾತ್ರಿ ಚೀರಿಕೊಂಡು ಎದ್ರ ಏನ್ ಮಾಡಬೇಕ್ರಿ? ನಿನ್ನೆ ಎಬ್ಬಿಸಾಕ ಹೋದ ಹೆಂಡ್ತಿ ಕೈ ತಿರುವಿಬಿಟ್ಟ, ಆಮ್ಯಾಲೆ ತಾನ ಅತ್ತ.

ಆಪ್ತಸಮಾಲೋಚಕಿ, ಕೊಪ್ಪಳ:
ಮುಟ್ಟಿ ಎಬ್ಬಿಸಲೇಬಾರದು. ಭುಜ ಅಲುಗಾಡಿಸಿದರೆ ಅವನಿಗೆ ಅದು ವೈರಿಯ ಕೈ. ಕಾಲ ಕಡೆ ಎರಡು ಮಾರು ದೂರ ನಿಂತು, ಲೈಟ್ ಹಾಕಿ, ಹೆಸರು ಹಿಡಿದು ಕರೀರಿ: "ನೀ ಊರಾಗ ಇದ್ದಿ, ಮನ್ಯಾಗ ಇದ್ದಿ, ನಾ ನಿಮ್ಮಣ್ಣ." ಅವನು ನಿಮ್ಮ ಗುರುತು ಹಿಡಿದ ಮೇಲೆ ತಣ್ಣೀರಿನ ತಂಬಿಗೆ ಕೈಗೆ ಕೊಡಿ, ಬರಿಗಾಲು ಬಂಡೆಗಲ್ಲಿನ ಮೇಲೆ ಇಡಿಸಿ. ಕಾಣೋ ಐದು ವಸ್ತುವಿನ ಹೆಸರು ಒಂದೊಂದೇ ಹೇಳಿಸಿ. ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಬಾಯಿಂದ ಆರು ಎಣಿಕೆ ಹೊರಗೆ, ಹತ್ತು ಸಲ. ಅವನ ಹೆಂಡತಿಗೂ ಹೇಳಿ, ಅದು ಅವಳ ಮೇಲಿನ ಸಿಟ್ಟಲ್ಲ. ಸದ್ಯ ಹಾಸಿಗೆ ಬೇರೆ ಇರಲಿ, ಮಕ್ಕಳು ಅವಳ ಜೊತೆ ಮಲಗಲಿ. ಎಚ್ಚರ ಇದ್ದಾಗಲೂ ಕೈ ಎತ್ತಿದರೆ ಅದು ಬೇರೆ ಮಾತು. ಆಗ ಅವಳೂ ಮಕ್ಕಳೂ ಬೇರೆ ಮನೆಯಲ್ಲಿರಬೇಕು, ಡಾಕ್ಟರಿಗೂ ಹೇಳಬೇಕು.

ಕ್ವಾರಿಯವರ ಬ್ಲಾಸ್ಟಿಂಗ್ ಹೊತ್ತು ಕೇಳಿ ಇಟ್ಟುಕೊಳ್ಳಿ, ಹತ್ತು ನಿಮಿಷ ಮುಂಚೆ ಅವನಿಗೆ ಹೇಳಿ. ಗೊತ್ತಿದ್ದು ಕೇಳಿದ ಸದ್ದಿಗೆ ಮೈ ಅಷ್ಟು ಬೆಚ್ಚೋದಿಲ್ಲ.

ಇನ್ನೊಂದು, ಇವತ್ತೇ ರಾತ್ರಿ ಮಾಡಬೇಕಾದ್ದು. ಹೊಲಕ್ಕೆ ಹೊಡೆಯೋ ಎಣ್ಣೆ (ಕೀಟನಾಶಕ) ಡಬ್ಬಿ ಮನೆಯಲ್ಲಿದ್ದರೆ ತೆಗೆದು ಬೇರೆಯವರ ಮನೆಯಲ್ಲಿ ಬೀಗ ಹಾಕಿಡಿಸಿ, ಕೀಲಿ ಅವರ ಹತ್ತಿರವೇ ಇರಲಿ. "ಸಾಯಬೇಕು ಅನಿಸ್ತೈತೇನು?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟೋದಿಲ್ಲ, ಇದ್ದದ್ದು ಹೊರಗೆ ಬರುತ್ತೆ. ಹೌದು ಅಂದರೆ ಬೆಳಗಿನ ತನಕ ಕಾಯಬೇಡಿ, ಒಬ್ಬನೇ ಬಿಡಬೇಡಿ, 108ಕ್ಕೆ ಫೋನ್ ಹಚ್ಚಿ.